ಹೈಫಾಕ್ಕೆ ಹೋಗದ ಚೀಲ

ನಮ್ಮ ಅಜ್ಜಿ ಎಲೆ-ಅಡಿಕೆ, ಹೊಗೆಸೊಪ್ಪು ಇಟ್ಕೊಳ್ಳೋದು ಒಂದು ಪಿಸ್ತೂಲಿನ ಚೀಲದಲ್ಲಿ. ಸಿನಿಮಾದಲ್ಲಿ ಇನ್ಸ್‌ಪೆಕ್ಟರ್ ಸೊಂಟಕ್ಕೆ ಇರುತ್ತಲ್ಲ, ಹೋಲ್‌ಸ್ಟರ್, ಅದೇ. ದೊಡ್ಡಬಳ್ಳಾಪುರದ ಕಡೆ ಇರುವ ನಮ್ಮೂರ ಮನೆಯ ಗೂಟಕ್ಕೆ ನೇತಾಡುವ ಈ ಖಾಕಿ ಚೀಲದ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದು ಒಂದೇ ಕಥೆ. ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, ಹೈಫಾ ಯುದ್ಧದಿಂದ ಇದನ್ನು ತಂದರು. ಅಪ್ಪ ಇದನ್ನು ಹೇಳದ ಮನೆ ಊರಲ್ಲಿಲ್ಲ. ಆಫೀಸಿನ ಟೀ ಬ್ರೇಕಿನಲ್ಲಿ ನಾನೂ ಕೊಚ್ಚಿಕೊಂಡವನೇ.

ಹೈಫಾ ಏನೂ ಕಟ್ಟುಕಥೆಯಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಮೆಷಿನ್ ಗನ್ನುಗಳ ಎದುರು ನುಗ್ಗಿ ಆ ಊರನ್ನು ಟರ್ಕಿಯವರಿಂದ ಗೆದ್ದರು. ಆ ಮಹಾಯುದ್ಧದಲ್ಲಿ ಮಡಿದ ಮೈಸೂರು ಸವಾರರ ಸ್ಮಾರಕ ಜೆ.ಸಿ. ನಗರದಲ್ಲಿದೆ, ಆರ್.ಟಿ. ನಗರದ ನನ್ನ ಮನೆಯಿಂದ ನಡೆದೇ ಹೋಗಬಹುದು. ಒಂದು ಭಾನುವಾರ ಅದರ ಮುಂದೆ ನಿಂತಾಗ ಚೀಲ ನೆನಪಾಯ್ತು. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಅಡಿಕೆಯನ್ನೆಲ್ಲ ತಟ್ಟೆಗೆ ಸುರಿದು, ಟಾರ್ಚ್ ಹಿಡಿದು ಕೂತೆ.

ಮೊದಲ ಅನುಮಾನ ಬಂದದ್ದು ಬಟ್ಟೆಯ ಮೇಲೆ. ಹೈಫಾ ಕಾಲದ ಬ್ರಿಟಿಷ್ ಸೈನ್ಯದ ಆಫೀಸರುಗಳು ಸಾಮಾನ್ಯವಾಗಿ ಹಾಕುತ್ತಿದ್ದದ್ದು ಚರ್ಮದ ಸ್ಯಾಮ್ ಬ್ರೌನ್ ಬೆಲ್ಟು. 1858ರಲ್ಲಿ ನಮ್ಮ ದೇಶದಲ್ಲೇ ಎಡಗೈ ಕಳೆದುಕೊಂಡ ಸ್ಯಾಮ್ ಬ್ರೌನ್ ಎಂಬ ಆಫೀಸರನ ಹೆಸರಿನದು. ಪಿಸ್ತೂಲಿನ ಚೀಲವೂ ಚರ್ಮದ್ದೇ. ನಮ್ಮದೋ ದಪ್ಪ ಹತ್ತಿ ನೇಯ್ಗೆಯದು. ಬೆನ್ನಿಗೆ ಬೆಲ್ಟಿಗೆ ಸಿಕ್ಕಿಸುವ ಹಿತ್ತಾಳೆ ಕೊಕ್ಕೆ, ಮುಚ್ಚಳಕ್ಕೆ ಟಿಚ್ ಬಟನ್, ಒಳಗೆ ನಳಿಗೆ ಒರೆಸುವ ಕಡ್ಡಿಗೆ ಸಣ್ಣ ಜಾಗ. ಇದು ಬ್ರಿಟಿಷ್ ಸೈನ್ಯದ 1937ರ ಪ್ಯಾಟರ್ನು. 1932ರಲ್ಲಿ ಬಂದ .38 ಎನ್‌ಫೀಲ್ಡ್ ರಿವಾಲ್ವರ್ ಹೋಗುವಂಥದ್ದು.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. 1937 ಅನ್ನೋದು ನಮ್ಮ ಭಾಷೆಯಲ್ಲಿ ವರ್ಷನ್ ನಂಬರ್, ಬಿಲ್ಡ್ ಡೇಟ್ ಅಲ್ಲ. ತಯಾರಾದ ವರ್ಷ ಬೇಕಾದರೆ ಮುದ್ರೆ ಹುಡುಕಬೇಕು. ಮುಚ್ಚಳದ ಒಳಮೈಯಲ್ಲಿ, ಹೊಗೆಸೊಪ್ಪಿನ ಕಲೆಯ ಕೆಳಗೆ, ಮಸುಕಾಗಿ ಒಂದು ಬಾಣ, ಅದರ ಜೊತೆ ಇಂಗ್ಲಿಷಿನ ಐ, ಆಮೇಲೆ 1943. ಬಾಣ ಸರ್ಕಾರಿ ಮಾಲಿನ ಗುರುತು, ಐ ಅಂದರೆ ಇಂಡಿಯಾ. ಕೆನಡಾದ ಮಾಲಾಗಿದ್ದರೆ ಬಾಣ ಸಿ ಅಕ್ಷರದ ಹೊಟ್ಟೆಯೊಳಗೆ ಇರುತ್ತಿತ್ತು. (ಹಳೇದು ಅಂತ ಮಾರುವವರು ಇಂಥ ಮುದ್ರೆಯನ್ನು ಹೊಸದಾಗಿ ಒತ್ತುವುದೂ ಉಂಟು. ಬಟ್ಟೆ ಸವೆದು ಶಾಯಿ ಮಾತ್ರ ಮಿರಮಿರ ಮಿಂಚುತ್ತಿದ್ದರೆ ದುಡ್ಡು ಜೇಬಲ್ಲೇ ಇರಲಿ.)

1943. ಹೈಫಾ ಆಗಿ ಇಪ್ಪತ್ತೈದು ವರ್ಷ.

ಅಜ್ಜಿಯನ್ನು ಕೇಳಿದೆ. ಅಡಿಕೆ ಆರಿಸುತ್ತಲೇ ಅಂದರು: "ಅಯ್ಯೋ, ಅದು ನಿಮ್ ತಾತ ತಂದಿದ್ದು ಕಣ್ಲಾ. ಯಲಂಕದಾಗೆ ಇಮಾನದ ಫೀಲ್ಡ್ ಮಾಡ್ತಿದ್ರಲ್ಲ, ಮಣ್ಣು ಹೊರಕ್ಕೆ ಹೋಗ್ತಿದ್ರಂತೆ. ಅಲ್ಲಿ ಸಿಕ್ತಂತೆ."

ಇದು ಹೊಂದುತ್ತದೆ. ಎರಡನೇ ಮಹಾಯುದ್ಧದಲ್ಲಿ ನಮ್ಮ ಉತ್ತರ ಬೆಂಗಳೂರು ಪೂರ್ತಿ ಮಿಲಿಟರಿಮಯ. ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರ. ಯಲಹಂಕದಲ್ಲಿ 1944ರಲ್ಲಿ ಬ್ರಿಟಿಷ್ ಪೈಲಟ್‌ಗಳು ಥಂಡರ್‌ಬೋಲ್ಟ್ ವಿಮಾನ ಕಲಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ಮಿಕ್ಕ ಸಾಮಾನು ಡಿಸ್ಪೋಸಲ್ ಮಾಲು ಅಂತ ಮಾರಾಟವಾಯಿತು. ತಾತನಿಗೆ ಹೆಂಗೆ ಸಿಕ್ಕಿತೋ, ಕೂಲಿ ಜೊತೆಗೋ, ಕಾಸು ಕೊಟ್ಟೋ, ಕೇಳೋಕೆ ತಾತ ಇಲ್ಲ. ಈಗ ಏರೋ ಶೋಗೆ ಟಿಕೆಟ್ ತಗೊಂಡು ನಾವು ಹೋಗುವ ಯಲಹಂಕದಲ್ಲಿ ಅವರು ಮಂಕರಿ ಹೊತ್ತಿದ್ದರು ಅನ್ನೋದನ್ನ ಮನೆಯಲ್ಲಿ ಯಾರೂ ಒಂದು ದಿನವೂ ಹೇಳಿರಲಿಲ್ಲ. ಕುದುರೆ ಸವಾರನ ಮುಂದೆ ಮಣ್ಣು ಹೊತ್ತವನನ್ನು ಯಾರು ಕೇಳ್ತಾರೆ.

ಅಪ್ಪನಿಗೆ ಮುದ್ರೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಬಹಳ ಹೊತ್ತಾದ ಮೇಲೆ, "ಹಂಗಾದ್ರೆ ಮುತ್ತಾತ ಹೈಫಾಗೆ ಹೋಗೇ ಇರ್ಲಿಲ್ವಾ?" ಅಂದರು.

ಚೀಲ ಹೋಗಿರಲಿಲ್ಲ ಅಷ್ಟೇ ಅಪ್ಪಾ, ಅಂದೆ. ಮುತ್ತಾತನ ವಿಷಯ ಇದು ಹೇಳಲ್ಲ, ಅದಕ್ಕೆ ಪಡೆಯ ಕಡತದಲ್ಲಿ ಹೆಸರು ಹುಡುಕಬೇಕು. ಅಪ್ಪ ಮುತ್ತಾತನ ಪೂರ್ತಿ ಹೆಸರು, ಅವರಪ್ಪನ ಹೆಸರು, ಊರು, ಹೋಬಳಿ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಷ್ಟರಲ್ಲಿ ಅಜ್ಜಿ, "ಆಯ್ತೇನ್ಲಾ ನಿಂದು?" ಅಂತ ಕೈಚಾಚಿದರು. ಚೀಲ ಕೊಟ್ಟೆ.