ಆರರಲ್ಲೊಂದು ಅಳತೆಯ ಟೈಗರ್: ಮಾದರಿಯ ಸಾಕ್ಷ್ಯವೂ ಅದರ ಮಿತಿಯೂ

ಇತಿಹಾಸದ ಆಕರಗಳೆಂದೊಡನೆ ಶಾಸನ, ಕಡತ, ನಾಣ್ಯಗಳು ನೆನಪಿಗೆ ಬರುವುದು ಸಹಜ. ಇಪ್ಪತ್ತನೆಯ ಶತಮಾನದ ಯುದ್ಧಗಳ ಮಟ್ಟಿಗೆ ಯಂತ್ರವೂ ಒಂದು ಆಕರವೇ. ಅಂಥ ಯಂತ್ರವನ್ನು ಕಿರಿದಾಗಿಸಿ ಲೋಹದಲ್ಲಿ ಮರಳಿ ಕಟ್ಟುವ ಕೆಲಸವನ್ನು ಬಿಡುವೇಳೆಯ ವಿನೋದವೆಂದು ಕಡೆಗಣಿಸುವುದುಂಟು. ವಸ್ತುತಃ ಅದು ಆಕರವನ್ನು ಓದುವ ಒಂದು ವಿಧಾನ. ಆದರೆ ಆ ಓದಿನಲ್ಲಿ ಮೋಸಹೋಗುವ ಸಂಭವವೂ ಉಂಟು. ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕಾದ ‘ಟೈಗರ್’ ಇದಕ್ಕೆ ತಕ್ಕ ನಿದರ್ಶನ. ಮಾದರಿಗಾರರಿಗೆ ಅದು ಬಹು ಪ್ರಿಯವಾದುದು. ದಂತಕಥೆಗಳೂ ಅದನ್ನು ದಟ್ಟವಾಗಿ ಸುತ್ತಿಕೊಂಡಿವೆ.

1942ರ ಆಗಸ್ಟಿನಿಂದ 1944ರ ಆಗಸ್ಟಿನವರೆಗೆ ಕಾಸೆಲ್ ನಗರದ ಹೆನ್ಶೆಲ್ ಕಾರ್ಖಾನೆಯಲ್ಲಿ ಸುಮಾರು 1,350 ಟೈಗರುಗಳು ಸಿದ್ಧವಾದುವು. ತೂಕ ಸುಮಾರು 57 ಟನ್ನು. 88 ಮಿಲಿಮೀಟರಿನ ತೋಪು. ಮುಂಭಾಗದಲ್ಲಿ 100 ಮಿಲಿಮೀಟರ್ ದಪ್ಪದ ಉಕ್ಕು. ಒಳಗೆ ಐವರು ಯೋಧರು. ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. ಅವುಗಳಲ್ಲಿ 131 ಎಂಬ ಅಂಕವುಳ್ಳದ್ದು 1943ರ ಏಪ್ರಿಲಿನಲ್ಲಿ ಟ್ಯುನೀಸಿಯದಲ್ಲಿ ಬ್ರಿಟಿಷ್ ಸೈನ್ಯದ ಕೈವಶವಾಯಿತು; ಭಾರತದ 4ನೆಯ ಪದಾತಿ ವಿಭಾಗವೂ ಹೋರಾಡಿದ ದಂಡಯಾತ್ರೆಯದು. ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿ ಅದು ಚಲಿಸುವ ಸ್ಥಿತಿಗೆ ಮರಳಿ ಬಂದಿದೆ.

ಮಾದರಿಗಾರನಿಗೆ ಮೊದಲು ಎದುರಾಗುವುದು ಪಾಠಾಂತರದ ಪ್ರಶ್ನೆ. ‘ಟೈಗರ್’ ಎಂಬುದು ಒಂದೇ ರೂಪವಲ್ಲ. ಮೊದಲಿನ ಗಾಲಿಗಳಿಗೆ ರಬ್ಬರಿನ ಅಂಚಿತ್ತು. 1944ರಲ್ಲಿ ಉಕ್ಕಿನ ಅಂಚಿನ ಗಾಲಿಗಳು ಬಂದುವು. ಎಂಜಿನೂ ನಡುವೆ ಬದಲಾಯಿತು. 131ರ ಮೂಲ ಎಂಜಿನನ್ನು ಒಳರಚನೆ ಕಾಣಿಸುವುದಕ್ಕಾಗಿ ಹಿಂದೆಯೇ ಕೊಯ್ದಿದ್ದರಿಂದ, ಪುನರುದ್ಧಾರದ ವೇಳೆ ಮತ್ತೊಂದು ಜರ್ಮನ್ ಟ್ಯಾಂಕಿನ ಎಂಜಿನನ್ನು ಅದಕ್ಕೆ ಜೋಡಿಸಬೇಕಾಯಿತು. ಕಣ್ಣೆದುರಿನ ಮೂಲಪ್ರತಿಯಲ್ಲಿಯೂ ಪ್ರಕ್ಷೇಪವಿರಬಹುದೆಂಬುದು ಇದರಿಂದ ಸ್ಪಷ್ಟ.

ಎರಡನೆಯ ಪಾಠವನ್ನು ಕೈಗಳು ಕಲಿಯುತ್ತವೆ. ಆರಂಭದ ಟೈಗರಿನ ಪ್ರತಿ ಪಕ್ಕದಲ್ಲಿ ಎಂಟು ಅಚ್ಚುಗಳು, ಒಂದೊಂದು ಅಚ್ಚಿಗೆ ಮೂರು ಗಾಲಿಗಳು, ಒಟ್ಟು 48. ಅವು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಒಳಗಿನ ಗಾಲಿಯೊಂದನ್ನು ಕಳಚಲು ಹೊರಗಿನ ಹಲವನ್ನು ಮೊದಲು ಕಳಚಬೇಕು. ಎರಡು ಸರಪಳಿಪಟ್ಟಿಗಳಲ್ಲಿ 192 ಕೊಂಡಿಗಳು. ರೈಲಿನಲ್ಲಿ ಸಾಗಿಸುವಾಗಲಂತೂ ಅಗಲವಾದ ಪಟ್ಟಿಗಳನ್ನೂ ಹೊರಸಾಲಿನ ಗಾಲಿಗಳನ್ನೂ ತೆಗೆದು ಕಿರಿದಾದ ಪಟ್ಟಿಗಳನ್ನು ತೊಡಿಸಬೇಕಾಗಿತ್ತು. ರಷ್ಯದ ಚಳಿಗಾಲದಲ್ಲಿ ಗಾಲಿಗಳ ನಡುವೆ ಕೆಸರು ಹೆಪ್ಪುಗಟ್ಟುತ್ತಿತ್ತು. ಒಂದೊಂದು ಗಾಲಿಯನ್ನೂ ಲೇತಿನಲ್ಲಿ ಕಡೆದು, ಒಂದೊಂದು ಕೊಂಡಿಯನ್ನೂ ಎರಕ ಹೊಯ್ದು ಅರದಿಂದ ಉಜ್ಜಿದವನಿಗೆ, ಅದೇ ಯುದ್ಧದಲ್ಲಿ ಅಮೆರಿಕ ಸುಮಾರು 49,000 ಷೆರ್ಮನ್ ಟ್ಯಾಂಕುಗಳನ್ನು ಹೊರತಂದಾಗ ಟೈಗರುಗಳ ಸಂಖ್ಯೆ ಏಕೆ ಅಷ್ಟಕ್ಕೇ ನಿಂತಿತೆಂಬುದರ ಒಂದು ಕಾರಣ ತಾನಾಗಿ ಹೊಳೆಯುತ್ತದೆ. ದುಡಿಮೆಯ ಈ ಜಮಾಖರ್ಚನ್ನು ಚಿತ್ರಪಟವಾಗಲಿ ನಕ್ಷೆಯಾಗಲಿ ಇಷ್ಟು ಚೆನ್ನಾಗಿ ತಿಳಿಸಲಾರದು.

ಇನ್ನು ಮೋಸದ ಮಾತು. ಆರರಲ್ಲೊಂದು ಅಳತೆಯಲ್ಲಿ ಒಡಲಿನ ಉದ್ದ ಸುಮಾರು ಒಂದು ಮೀಟರು. ಉದ್ದಳತೆ ಆರರಲ್ಲೊಂದಾದಾಗ ಉಕ್ಕಿನ ಅಡ್ಡಕೊಯ್ತದ ವಿಸ್ತಾರ 36ರಲ್ಲೊಂದಾಗುತ್ತದೆ, ತೂಕವಾದರೋ 216ರಲ್ಲೊಂದಾಗುತ್ತದೆ. ಎಲ್ಲ ಭಾಗಗಳನ್ನೂ ಮೂಲದ ಲೋಹದಲ್ಲಿ, ಅಳತೆ ತಪ್ಪದೆ ಮಾಡಿದರೆ ಮಾದರಿಯ ತೂಕ ಸುಮಾರು 264 ಕಿಲೋಗ್ರಾಂ. ನಾಲ್ಕಾರು ಮಂದಿ ಕೂಡಿದರೂ ಎತ್ತುವುದು ಪ್ರಯಾಸವೇ. ಆದರೂ ಅದರ ಅಚ್ಚಿನ ಮೇಲೆ, ಕೆಳಗಿನ ನೆಲದ ಮೇಲೆ, ಚದರ ಅಂಗುಲವೊಂದಕ್ಕೆ ಬೀಳುವ ಭಾರ ಮೂಲದ ಆರನೆಯ ಒಂದು ಪಾಲು ಮಾತ್ರ. ಆದುದರಿಂದ ಮಾದರಿ ಹುಲ್ಲುಗಾವಲಿನ ಮೇಲೆ ಲೀಲಾಜಾಲವಾಗಿ ಓಡುತ್ತದೆ. ಮೂಲದ ಕಥೆ ಬೇರೆ. 1942ರಲ್ಲಿ ಲೆನಿನ್‌ಗ್ರಾಡಿನ ಸಮೀಪದ ಜೌಗುನೆಲದಲ್ಲಿ ನಡೆದ ಮೊದಲ ಪ್ರಯೋಗದಲ್ಲಿಯೇ ಟೈಗರುಗಳು ಕೆಟ್ಟು ನಿಂತುವು, ಹೂತುಕೊಂಡುವು. ಆ ತೂಕವನ್ನು ಹೊರಲಾರದ ಸೇತುವೆಗಳು ಅನೇಕ. ನೋಡುವವರ ಮೆಚ್ಚುಗೆಗೆ ಪಾತ್ರವಾಗುವ ಆ ಸರಾಗ ಚಲನೆ ಟೈಗರಿನ ಗುಣವಲ್ಲ, ಕಿರಿದಾದುದರ ಗುಣ. ದಂತಕಥೆಗೆ ನೀರೆರೆಯುವುದು ಇಂಥ ಮರೆವೇ.

ಅಳತೆಯಿಂದ ಸರಿಪಡಿಸಲಾಗದ ಲೋಪವೊಂದು ಉಳಿಯುತ್ತದೆ. ಹೆನ್ಶೆಲ್ ಕಾರ್ಖಾನೆಗಳಲ್ಲಿ ಪರದೇಶಗಳಿಂದ ಬಲಾತ್ಕಾರವಾಗಿ ತಂದ ಸಾವಿರಾರು ಜನರು ದುಡಿದರು. 1943ರ ಅಕ್ಟೋಬರಿನ ಒಂದೇ ರಾತ್ರಿಯ ಬಾಂಬುದಾಳಿಯಲ್ಲಿ ಕಾಸೆಲ್ ನಗರದ ಸಾವಿರಾರು ಜನರು ಸತ್ತರು. ಬೆಸುಗೆಯ ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ನಕಲು ಮಾಡಬಹುದು. ಆ ಬೆಸುಗೆ ಹಾಕಿದ ಕೈ ಯಾರದೆಂಬುದು ನಕಲಿನಲ್ಲಿ ಮೂಡದು. ಲೋಹದ ಮಾದರಿ ಯಂತ್ರದ ಬಗ್ಗೆ ನಿಷ್ಠುರ ಸಾಕ್ಷಿ, ಮನುಷ್ಯರ ಬಗ್ಗೆ ಮೂಕಸಾಕ್ಷಿ. ಅದರ ಪಕ್ಕದಲ್ಲಿ ತೂಕ ಮತ್ತು ಉದ್ದಗಳನ್ನು ಬರೆದಿಡುವ ಫಲಕದಲ್ಲಿ ಈ ಎರಡು ವಾಕ್ಯಗಳಿಗೂ ಸ್ಥಳ ಮಾಡಿಕೊಟ್ಟಾಗಲೇ ಆ ಕೆಲಸ ಇತಿಹಾಸವೆನಿಸಿಕೊಳ್ಳುವುದು.