ಲಾರಿಗೆ ವರ್ಷಕ್ಕೊಮ್ಮೆ, ಕಾರಿಗೆ ಹದಿನೈದು ವರ್ಷಕ್ಕೊಮ್ಮೆ

ಹೊಸಪೇಟೆಯ ಹಳೆ ಡ್ರೈವರುಗಳ ಬಾಯಲ್ಲಿ ಇವತ್ತಿಗೂ 'ಮೋಟಾರು ವಾಹನ ನಿರೀಕ್ಷಕ' ಎಂಬ ಪದ ಬರುವುದಿಲ್ಲ. ಅವರಿಗೆ ಆತ 'ಬ್ರೇಕ್ ಇನ್‌ಸ್ಪೆಕ್ಟರ್'. ಲೈಸೆನ್ಸ್ ಕೊಡುವವನೂ ಅವನೇ, ಪರ್ಮಿಟ್ ನೋಡುವವನೂ ಅವನೇ. ಆದರೂ ಜನ ಹೆಸರಿಟ್ಟದ್ದು ಬ್ರೇಕಿನ ಮೇಲೆ. ಗಾಡಿ ಓಡುತ್ತದೋ ಇಲ್ಲವೋ ಮಾಲೀಕ ನೋಡಿಕೊಳ್ಳುತ್ತಾನೆ, ನಿಲ್ಲುತ್ತದೋ ಇಲ್ಲವೋ ಸರ್ಕಾರ ನೋಡಬೇಕು ಎಂಬ ತಿಳಿವಳಿಕೆ ಆ ಒಂದು ಹೆಸರಿನಲ್ಲಿದೆ.

ನಾವು ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಒಂದು ಕಾರಣವಿದೆ. ಕಳೆದ ವರ್ಷ ಕಂಪ್ಲಿಯಿಂದ ಸುದ್ದಿ ಮುಗಿಸಿಕೊಂಡು ಒಂದು ಬಾಡಿಗೆ ಕಾರಿನಲ್ಲಿ ಹೊಸಪೇಟೆಗೆ ಬರುತ್ತಿದ್ದೆವು. ಬಾಡಿಗೆ ಕಾರು ಎಂದರೂ ನಂಬರ್ ಪ್ಲೇಟು ಬಿಳಿ. ಬುಕ್ಕಸಾಗರ ದಾಟಿ ಬಾಳೆ ತೋಟಗಳ ನಡುವೆ ಹೋಗುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಡ್ರೈವರ್ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಆತ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ತೋಟದ ಬದುವಿಗೆ ಮೂತಿ ತಾಗಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ಹಿಂದಿನ ಚಕ್ರದ ಬ್ರೇಕ್ ಪೈಪು ತುಕ್ಕು ಹಿಡಿದು ಸೀಳಿತ್ತು. "ಎಫ್‌ಸಿ ಐತೇನಣ್ಣಾ?" ಎಂದು ಕೇಳಿದೆವು. "ಇದು ಓನ್ ಬೋರ್ಡ್ ರೀ, ಎಫ್‌ಸಿ ಯಾಕ ಬೇಕು? ಹದಿಮೂರು ವರ್ಷ ಆತು, ಇನ್ನೂ ಎರಡು ವರ್ಷ ಆರ್‌ಸಿ ಐತಿ" ಎಂದ. ಸುಳ್ಳಲ್ಲ, ಕಾನೂನೂ ಅದನ್ನೇ ಹೇಳುತ್ತದೆ.

ಈ ಕಾನೂನು ಹೀಗೆ ಯಾಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಅದರ ಜಾಗಕ್ಕೆ 1939ರ ಕಾಯ್ದೆ ಬಂತು. ಬಸ್ಸು, ಲಾರಿ, ಬಾಡಿಗೆ ವಾಹನಗಳಿಗೆ ಸುಸ್ಥಿತಿ ಪ್ರಮಾಣಪತ್ರ, ಅಂದರೆ ನಮ್ಮ ಬಾಯಿಯ ಎಫ್‌ಸಿ, ಕಡ್ಡಾಯ ಎಂದು ಅದು ಹೇಳಿತು. ಸ್ವಂತ ಕಾರಿಗೆ ಹೇಳಲಿಲ್ಲ. ಆಗ ಹೊಸಪೇಟೆ, ಕಂಪ್ಲಿ, ಹಂಪಿ ಎಲ್ಲವೂ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯವಾಗುತ್ತಿರಲಿಲ್ಲ. ಸಂಡೂರು 1949ರಲ್ಲಿ ಮದರಾಸಿಗೆ ಸೇರಿತು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ತುಂಗಭದ್ರಾ ಅಣೆಕಟ್ಟೆ ಮುಗಿದದ್ದೂ ಅದೇ ವರ್ಷ. ರಾಜ್ಯ ಬದಲಾಯಿತು, ಲಾರಿಗೆ ಒಂದು ಲೆಕ್ಕ ಕಾರಿಗೆ ಒಂದು ಲೆಕ್ಕ ಎಂಬುದು ಬದಲಾಗಲಿಲ್ಲ.

ಆ ಕಾಲಕ್ಕೆ ಅದು ತಪ್ಪು ಎಂದು ನಾವು ಹೇಳುವುದಿಲ್ಲ. ಕಾರು ಇದ್ದವರು ಬೆರಳೆಣಿಕೆಯ ಸಾಹುಕಾರರು, ಅಧಿಕಾರಿಗಳು. ಗಾಡಿಗೊಬ್ಬ ಡ್ರೈವರ್, ತೊಳೆಯಲೊಬ್ಬ ಆಳು. ಜೀವಭಯ ಇದ್ದದ್ದು ದುಡ್ಡು ಕೊಟ್ಟು ಹತ್ತುವ ಬಸ್ಸಿನ ಜನಕ್ಕೆ. 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯ್ದೆಯೂ ಇದೇ ಲೆಕ್ಕ ಮುಂದುವರಿಸಿತು. ಸರಕು ಮತ್ತು ಪ್ರಯಾಣಿಕ ವಾಹನಕ್ಕೆ ಹೊಸದಾದಾಗ ಎರಡು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ಸ್ವಂತ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ತೋರಿಸಿದರೆ ಇನ್ನೈದು ವರ್ಷ.

ನಡುವೆ ಒಂದು ತಮಾಷೆ ಇದೆ. ಅದೇ ಕಾರಿನ ಹೊಗೆಯನ್ನು ಮೊದಲ ವರ್ಷ ಕಳೆದ ಮೇಲೆ ಆರು ತಿಂಗಳಿಗೊಮ್ಮೆ, ಬಿಎಸ್ 4 ಮತ್ತು ಬಿಎಸ್ 6 ಗಾಡಿಯಾದರೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಹೊಗೆ ವರ್ಷವರ್ಷ, ಬ್ರೇಕು ಹದಿನೈದು ವರ್ಷಕ್ಕೆ!

ಬ್ರಿಟನ್ನಿನಲ್ಲಿ 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಶುರುವಾಯಿತು. ನಪಾಸಾದ ಗಾಡಿಗಳ ಸಂಖ್ಯೆ ನೋಡಿ ಗಾಬರಿಯಾಗಿ ಮರುವರ್ಷವೇ ಏಳು ವರ್ಷಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಜಪಾನ್, ಜರ್ಮನಿಗಳಲ್ಲಿ ಮೊದಲ ಬಾರಿ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ.

ಹಾಗಾದರೆ ಪದೇಪದೇ ನೋಡಿದರೆ ಎಲ್ಲ ಸರಿಹೋಗುತ್ತದೆಯೇ? ನಮ್ಮ ಸಂಡೂರು ರಸ್ತೆಯನ್ನು ಕೇಳಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ಆ ವರ್ಷಗಳಲ್ಲಿ ಚೀನಾದ ಹಸಿವಿಗೆ ಇಲ್ಲಿನ ಗುಡ್ಡಗಳು ಕರಗಿದವು. ಬೇಲೆಕೇರಿ, ಕೃಷ್ಣಪಟ್ಟಣಂ ಬಂದರುಗಳಿಗೆ ಹಗಲು ರಾತ್ರಿ ಅದಿರು ಲಾರಿ. ರಸ್ತೆ ಪಕ್ಕದ ಮನೆ, ಮರ, ಎಮ್ಮೆ ಎಲ್ಲವೂ ಕೆಂಪು. ಆ ಲಾರಿಗಳಿಗೆ ವರ್ಷವರ್ಷ ಎಫ್‌ಸಿ ಇತ್ತು. ಮಿತಿಮೀರಿ ಭಾರ ಹೊರಿಸಬಾರದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತ್ತು. ಆದರೂ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿಯಲ್ಲಿ ಓವರ್‌ಲೋಡ್ ದೊಡ್ಡ ವಿಷಯವೇ ಆಯಿತು. "ಎಫ್‌ಸಿ ದಿನ ಒಳ್ಳೆ ಟೈರು ಎರವಲು ತಂದು ಹಾಕ್ತಿದ್ವಿ. ಸಂಜಿಗೆ ಬಿಚ್ಚಿ ಕೊಡೋದು" ಎಂದು ಆ ಕಾಲದ ಡ್ರೈವರೊಬ್ಬರು ನಗುತ್ತಾ ಹೇಳಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಕೊಂಡ ಲಾರಿಗಳು ಹೊಲದ ಬದಿಯಲ್ಲಿ ನಿಂತಲ್ಲೇ ತುಕ್ಕು ಹಿಡಿದವು.

ಇನ್ನೂ ಒಂದು ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರಮಿತಿ ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ ಇದ್ದದ್ದು 28.5 ಟನ್ ಆಯಿತು. ಅದೇ ವರ್ಷ ನವೆಂಬರಿನಲ್ಲಿ, ಎಂಟು ವರ್ಷದೊಳಗಿನ ವಾಹನಗಳಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ ಸಾಕು ಎಂದಿತು. ಭಾರ ಹೆಚ್ಚಿಸಿದ ವರ್ಷವೇ ತಪಾಸಣೆ ಅರ್ಧ ಮಾಡಿದ ಈ ಲೆಕ್ಕ ನಮಗೆ ಇವತ್ತಿಗೂ ಅರ್ಥವಾಗಿಲ್ಲ. ಮನುಷ್ಯನ ಕಣ್ಣಿನ ಬದಲು ಯಂತ್ರದಿಂದ ಪರೀಕ್ಷೆ ಮಾಡುವ ಕೇಂದ್ರಗಳಿಗೆ 2021ರಲ್ಲಿ ನಿಯಮ ಬಂತು. ಭಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ಕಡ್ಡಾಯ ಎಂದದ್ದು 2024ರ ಅಕ್ಟೋಬರ್‌ಗೆ ಸರಿಯಿತು.

ತಪಾಸಣೆ ಎಂಬುದು ನಮ್ಮ ಭಾಗಕ್ಕೆ ಹೊಸದೇನಲ್ಲ. ನದಿ ಉಕ್ಕಿ ಕಂಪ್ಲಿ ಸೇತುವೆ ಮುಳುಗಿದರೆ, ನೀರಿಳಿದ ಮೇಲೆ ಸೇತುವೆ ನೋಡದೆ ವಾಹನ ಬಿಡುವುದಿಲ್ಲ. ರಥ ಎಳೆಯುವ ಮೊದಲು ಬಡಗಿಗಳು ಗಾಲಿ, ಅಚ್ಚು ತಟ್ಟಿ ನೋಡುತ್ತಾರೆ. ಎಂಜಿನಿಯರುಗಳ ಒಪ್ಪಿಗೆ ಪಡೆಯುವ ಪದ್ಧತಿಯೂ ಹಲವೆಡೆ ಇದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ರಥ ಜನಸಾಗರದ ನಡುವೆ ವಾಲಿ ಬಿದ್ದದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ವರ್ಷಕ್ಕೊಂದು ದಿನ, ಮನುಷ್ಯ ನಡೆಯುವ ವೇಗದಲ್ಲಿ ಚಲಿಸುವ ರಥಕ್ಕೇ ಇಷ್ಟು ಜಾಗ್ರತೆ ಬೇಕು.

ಕಾರು ಈಗ ಸಾಹುಕಾರರ ಸೊತ್ತಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಓಡಿದ ಕಾರು ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಊರಿಗೆ ಬರುತ್ತದೆ. ಹಂಪಿ ನೋಡಲು ಬಂದವರನ್ನು ಹೊಸಪೇಟೆ ಸ್ಟೇಷನ್ನಿನಿಂದ ಹೊತ್ತೊಯ್ಯುವ ಹಳದಿ ಬೋರ್ಡಿನವನು ಎಫ್‌ಸಿ ಕಟ್ಟಬೇಕು. ಅವನ ಪಕ್ಕದಲ್ಲೇ ಅದೇ ಬಾಡಿಗೆ ಹೊಡೆಯುವ ಬಿಳಿ ಬೋರ್ಡಿನವನಿಗೆ ಬೇಡ. ಕ್ರೂಸರ್, ಟಿಪ್ಪರ್, ಕಾರು ಎಲ್ಲವೂ ಒಂದೇ ಹೆದ್ದಾರಿಯಲ್ಲಿ. 2023ರ ಅಕ್ಟೋಬರಿನಲ್ಲಿ ಹೊಸಪೇಟೆ ಬಳಿ ಎರಡು ಲಾರಿಗಳಿಗೆ ಸಿಕ್ಕ ಕ್ರೂಸರ್‌ನಲ್ಲಿ ಏಳು ಮಂದಿ ಸತ್ತರು. ಅಂಥ ಡಿಕ್ಕಿಯಲ್ಲಿ ಬಿಳಿ ಬೋರ್ಡು ಯಾರನ್ನೂ ಕಾಯುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಕಾರಿಗೆ ಎಂಟು ವರ್ಷವಾದ ಮೇಲೆ ಎರಡು ವರ್ಷಕ್ಕೊಮ್ಮೆ ಬ್ರೇಕು, ಸ್ಟೇರಿಂಗು, ಟೈರು, ಲೈಟು ನೋಡಬೇಕು. ಆದರೆ ಶುಲ್ಕದ ಕಡೆಗೂ ಕಣ್ಣಿರಲಿ. 2022ರ ಏಪ್ರಿಲ್‌ನಲ್ಲಿ ಹಳೆ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5,000 ಆಯಿತು. ಅಷ್ಟು ದುಡ್ಡಿಗೆ ನಾಲ್ಕೂ ಬ್ರೇಕ್ ಲೈನರ್ ಹಾಕಿಸಬಹುದಲ್ಲ ಎಂದು ಮೆಕ್ಯಾನಿಕ್ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ದಂಡದಂಥ ಶುಲ್ಕ ಇಟ್ಟರೆ ಜನ ತಪಾಸಣೆಗೆ ಬರುವುದಿಲ್ಲ, ಒಳದಾರಿ ಹಿಡಿಯುತ್ತಾರೆ.

ಆ ದಿನ ಬುಕ್ಕಸಾಗರದಿಂದ ಮೆಕ್ಯಾನಿಕ್ ಬಂದು ಪೈಪು ಬದಲಿಸಿ, ಬ್ರೇಕ್ ಆಯಿಲ್ ತುಂಬಿಸಿ ಕೊಟ್ಟ. ಉಳಿದ ಮೂರು ಚಕ್ರದ ಪೈಪುಗಳನ್ನೂ ನೋಡಪ್ಪಾ ಎಂದರೆ ಡ್ರೈವರ್ ವಾಚು ನೋಡಿಕೊಂಡ. ಹಂಪಿಗೆ ಇನ್ನೊಂದು ಬಾಡಿಗೆ ಇತ್ತಂತೆ.