ಮೂವರು ಪೋಪರು, ಒಂದು ಗೋದಾಮು, ಎರಡು ದ್ವೀಪಗಳು

ಜ್ಯೂರಿಕ್‌ನಿಂದ ರೈಲಲ್ಲಿ ಒಂದೂಕಾಲು ಗಂಟೆ. ಸ್ವಿಟ್ಜರ್ಲೆಂಡ್ ಮುಗಿದು ಜರ್ಮನಿ ಶುರುವಾಗಿದ್ದು ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಕೊನ್‌ಸ್ಟಾಂಟ್ಸ್ ಬಂದಿರುತ್ತದೆ. ಇಂಗ್ಲಿಷಿನವರು ಈ ಊರಿನ ಹೆಸರಿನಿಂದಲೇ ಸರೋವರವನ್ನೂ ಕರೆಯುತ್ತಾರೆ, ಜರ್ಮನ್ನರಿಗೆ ಮಾತ್ರ ಅದು ಬೋಡನ್ ಸರೋವರ. ಸುಮಾರು 536 ಚದರ ಕಿಲೋಮೀಟರ್ ನೀರು, ಸುತ್ತ ಮೂರು ದೇಶ. ಅದರ ದೊಡ್ಡ ಭಾಗದಲ್ಲಿ ಯಾರ ಗಡಿ ಎಲ್ಲಿ ಎಂದು ಆ ಮೂವರೂ ಇಂದಿಗೂ ಒಪ್ಪಂದ ಮಾಡಿಕೊಂಡಿಲ್ಲ! ಕಾವೇರಿ ನೀರಿಗೆ ಕೋರ್ಟು ಹತ್ತಿದ ನಮಗೆ ಇದು ಸೋಜಿಗವೇ. ರೈನ್ ನದಿ ಸರೋವರದಿಂದ ಹೊರಬೀಳುವುದು ಇದೇ ಊರಲ್ಲಿ. ನದಿಯುದ್ದಕ್ಕೂ ನೆಟ್ಟಿರುವ ಕಿಲೋಮೀಟರ್ ಫಲಕಗಳ ಸೊನ್ನೆ ಇಲ್ಲಿನ ಹಳೆಯ ಸೇತುವೆಯಿಂದ ಶುರು.

ಸ್ಟೇಷನ್ನಿನಿಂದ ಹೊರಬಂದು ಬಂದರಿನ ಕಡೆ ನಡೆದರೆ ಎದುರಿಗೆ ದೊಡ್ಡ ಕಟ್ಟಡವೊಂದು ಕಾಣುತ್ತದೆ. ದಪ್ಪ ಕಲ್ಲಿನ ಗೋಡೆ, ಎತ್ತರದ ಹೆಂಚಿನ ಮಾಡು. 1388ರಲ್ಲಿ ಇದನ್ನು ಕಟ್ಟಿದ್ದು ವ್ಯಾಪಾರದ ಗೋದಾಮಾಗಿ. ಆಲ್ಪ್ಸ್ ದಾಟಿ ಇಟಲಿಗೆ ಹೋಗಿಬರುವ ಸರಕು ಇಳಿಸುವ ಜಾಗ. ಈ ಗೋದಾಮಿನೊಳಗೆ 1417ರ ನವೆಂಬರಿನಲ್ಲಿ ಒಬ್ಬ ಪೋಪನನ್ನು ಆರಿಸಿದರು. ಆಲ್ಪ್ಸ್‌ನ ಉತ್ತರಕ್ಕೆ ಅಂಥ ಚುನಾವಣೆ ನಡೆದದ್ದು ಇದೊಂದೇ ಸಲ.

ಯಾಕೆ ಇಲ್ಲಿ? ಆಗ ಪೋಪರು ಒಬ್ಬರಲ್ಲ, ಮೂವರಿದ್ದರು. ನಮ್ಮ ಕಡೆ ಒಂದೇ ಮಠದ ಪೀಠಕ್ಕೆ ಇಬ್ಬರು ಸ್ವಾಮಿಗಳು ಹಕ್ಕು ಹೂಡಿದರೆ ಭಕ್ತರು ಯಾರಿಗೆ ಅಡ್ಡಬೀಳಬೇಕು ಅಂತ ತಲೆ ಕೆರೆದುಕೊಳ್ಳುವುದಿಲ್ಲವೆ, ಅದರ ಯೂರೋಪು ಗಾತ್ರದ ಆವೃತ್ತಿ ಇದು. ರೋಮ್ ಕಡೆಯ ಹನ್ನೆರಡನೆಯ ಗ್ರೆಗರಿ, ಅವಿನ್ಯೋಂ ಕಡೆಯ ಹದಿಮೂರನೆಯ ಬೆನೆಡಿಕ್ಟ್, ಇಬ್ಬರನ್ನೂ ತೆಗೆದುಹಾಕಲು ಪೀಸಾದಲ್ಲಿ ಸಭೆ ಸೇರಿದವರು ಹುಟ್ಟುಹಾಕಿದ ಮೂರನೆಯ ಸಾಲಿನ ಇಪ್ಪತ್ತಮೂರನೆಯ ಜಾನ್. ಇಬ್ಬರ ಜಗಳ ಬಿಡಿಸಲು ಹೋಗಿ ಮೂವರಾದರು! ಕೊನೆಗೆ ಜರ್ಮನಿಯ ರಾಜ ಸಿಗಿಸ್ಮುಂಡ್ ಒತ್ತಾಯ ಮಾಡಿ ಕೊನ್‌ಸ್ಟಾಂಟ್ಸ್‌ನಲ್ಲಿ ಮಹಾಸಭೆ ಕರೆಸಿದ. 1414ರಿಂದ 1418ರವರೆಗೆ ಅದು ನಡೆಯಿತು.

ಊರಲ್ಲಿ ಆಗ ಇದ್ದದ್ದು ಕೆಲವೇ ಸಾವಿರ ಜನ. ಬಂದು ಹೋದವರು ಹತ್ತಾರು ಸಾವಿರ. ಬಿಷಪ್ಪರು, ಪಂಡಿತರು, ಕುದುರೆಗಳು, ಅಡುಗೆಯವರು, ಕೊಳಲು ಊದುವವರು, ವೇಶ್ಯೆಯರು. ಉಲ್ರಿಶ್ ರಿಶೆಂಟಾಲ್ ಎಂಬ ಊರಿನವನೇ ಕಣ್ಣಾರೆ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅವನ ಪುಸ್ತಕದ ಚಿತ್ರಪ್ರತಿಯಲ್ಲಿ ಗಾಡಿಯ ಮೇಲೆ ಒಲೆ ಇಟ್ಟುಕೊಂಡು ಬಿಸಿಬಿಸಿ ತಿಂಡಿ ಮಾರುವವರಿದ್ದಾರೆ. ನಮ್ಮ ಗಾಂಧಿಬಜಾರಿನ ತಳ್ಳುಗಾಡಿಯೇ ನೆನಪಾಯಿತು :)

ಜಾನ್ ಪೋಪ್ 1415ರ ಮಾರ್ಚಿನಲ್ಲಿ ವೇಷ ಮರೆಸಿಕೊಂಡು ಊರು ಬಿಟ್ಟು ಓಡಿದ. ಅವನನ್ನು ಹಿಡಿದು ತಂದು ಪಟ್ಟದಿಂದ ಇಳಿಸಿದರು. ಗ್ರೆಗರಿ ತಾನಾಗಿ ಬಿಟ್ಟುಕೊಟ್ಟ. ಬೆನೆಡಿಕ್ಟ್ ಜಗ್ಗಲಿಲ್ಲ, ಅವನನ್ನೂ 1417ರಲ್ಲಿ ವಜಾ ಮಾಡಿದರು. ಆಮೇಲೆ 53 ಮತದಾರರನ್ನು ಈ ಗೋದಾಮಿನೊಳಗೆ ಕೂಡಿಹಾಕಿ ಐದನೆಯ ಮಾರ್ಟಿನ್‌ನನ್ನು ಆರಿಸಿದರು. ಓಡಿಹೋದ ಜಾನನ ಹೆಸರು ಲೆಕ್ಕಕ್ಕೇ ಬರಲಿಲ್ಲ. 1958ರಲ್ಲಿ ಇನ್ನೊಬ್ಬರು ಪೋಪ್ ಆಗಿ ಮತ್ತೆ ಇಪ್ಪತ್ತಮೂರನೆಯ ಜಾನ್ ಎಂದೇ ಹೆಸರಿಟ್ಟುಕೊಂಡರು.

ಬಂದರಿನ ತುದಿಯಲ್ಲಿ ಒಂಬತ್ತು ಮೀಟರ್ ಎತ್ತರದ ಹೆಣ್ಣಿನ ಪ್ರತಿಮೆ ನಿಧಾನ ತಿರುಗುತ್ತಿರುತ್ತದೆ. ಹೆಸರು ಇಂಪೀರಿಯಾ. ಎರಡು ಕೈಯಲ್ಲಿ ಇಬ್ಬರು ಬತ್ತಲೆ ಕುಳ್ಳರು, ಒಬ್ಬನ ತಲೆಯಲ್ಲಿ ಪೋಪನ ಕಿರೀಟ, ಇನ್ನೊಬ್ಬನದರಲ್ಲಿ ರಾಜನದು. 1993ರಲ್ಲಿ ಪೀಟರ್ ಲೆಂಕ್ ಎಂಬ ಶಿಲ್ಪಿ ನಿಲ್ಲಿಸಿದಾಗ ದೊಡ್ಡ ಗಲಾಟೆ ಆಗಿತ್ತಂತೆ. ಬಾಲ್ಜಾಕ್‌ನ ಕಥೆಯಿಂದ ಬಂದವಳು ಇವಳು. ಅಸಲಿ ಇಂಪೀರಿಯಾ ಇಟಲಿಯವಳು, ಹುಟ್ಟಿದ್ದೇ ಸಭೆ ಮುಗಿದು ಎಷ್ಟೋ ದಶಕದ ಮೇಲೆ. ಆದರೂ ನಾಲ್ಕು ವರ್ಷದ ಆ ಸಭೆಯ ಬಗ್ಗೆ ಇದಕ್ಕಿಂತ ಚೆನ್ನಾದ ಟೀಕೆ ನನಗಂತೂ ಬೇರೆ ಕಾಣಲಿಲ್ಲ.

ಆದರೆ ನನ್ನನ್ನು ಇಲ್ಲಿಗೆ ಎಳೆದದ್ದು ಪೋಪರ ಕತೆಯಲ್ಲ, ಯಾನ್ ಹುಸ್‌ನದು. ಪ್ರಾಗ್‌ನ ಪ್ರಾಧ್ಯಾಪಕ, ಜನರ ಮಾತಾದ ಚೆಕ್ ಭಾಷೆಯಲ್ಲಿ ಪ್ರವಚನ ಮಾಡುತ್ತಿದ್ದವನು. ಚರ್ಚಿನ ದುಡ್ಡಿನ ವ್ಯವಹಾರ, ಪಾಪಕ್ಷಮೆಯ ಮಾರಾಟ ಎರಡನ್ನೂ ಖಂಡಿಸಿದವನು. ನಿನಗೇನೂ ಆಗದು, ಬಂದು ನಿನ್ನ ಮಾತು ಹೇಳು ಎಂದು ಸಿಗಿಸ್ಮುಂಡ್ ಅಭಯಪತ್ರ ಕೊಟ್ಟಿದ್ದ. ಹುಸ್ 1414ರ ನವೆಂಬರ್ 3ರಂದು ಊರು ಸೇರಿದ. ಅದೇ ತಿಂಗಳ 28ಕ್ಕೆ ಬಂಧನ. ಕ್ರಿಸ್‌ಮಸ್ ಹೊತ್ತಿಗೆ ಬಂದ ರಾಜ ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ. ಧರ್ಮದ್ರೋಹಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾಗಿಲ್ಲ ಎಂಬ ವಾದ ಅವನಿಗೆ ಅನುಕೂಲಕ್ಕೆ ಬಂತು.

1415ರ ಜುಲೈ 6ರಂದು ದೊಡ್ಡ ಚರ್ಚಿನಲ್ಲಿ ಅವನ ಪಾದ್ರಿಯ ಉಡುಪು ಒಂದೊಂದಾಗಿ ಕಳಚಿ, ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ತೊಡಿಸಿ, ಊರ ಹೊರಗೆ ಜೀವಂತ ಸುಟ್ಟರು. ಬೂದಿಯನ್ನು ರೈನ್ ನದಿಗೆ ಸುರಿದರು. ಹೊಳೆಗೆ ಬೂದಿ ಬಿಡುವುದು ನಮಗೆ ಸತ್ತವರ ಸದ್ಗತಿಗಾಗಿ. ಇಲ್ಲಿ ಬಿಟ್ಟದ್ದು ಶಿಷ್ಯರ ಕೈಗೆ ಒಂದು ಹಿಡಿಯೂ ಸಿಗದಿರಲಿ ಅಂತ. ಮರುವರ್ಷ ಅವನ ಗೆಳೆಯ ಪ್ರಾಗ್‌ನ ಜೆರೋಮ್‌ಗೂ ಇದೇ ಗತಿ. ಬೊಹೀಮಿಯಾ ಹೊತ್ತಿಕೊಂಡಿತು, 1419ರಿಂದ ಹದಿನೈದು ವರ್ಷ ಯುದ್ಧ. ಸುಟ್ಟ ಜಾಗದಲ್ಲಿ 1862ರಲ್ಲಿ ದೊಡ್ಡದೊಂದು ಬಂಡೆ ಇಟ್ಟು ಇಬ್ಬರ ಹೆಸರನ್ನೂ ಕೆತ್ತಿದ್ದಾರೆ. ಸುತ್ತ ಈಗ ಮನೆಗಳು, ಬಳ್ಳಿ ಹಬ್ಬಿದೆ. ಐದು ನಿಮಿಷ ನಿಂತೆ, ಮತ್ತ್ಯಾರೂ ಬರಲಿಲ್ಲ. ಆ ಕ್ರೂರ ಸಾವಿಗಾಗಿ ವಿಷಾದವಿದೆ ಎಂದು ಪೋಪ್ ಎರಡನೆಯ ಜಾನ್ ಪಾಲ್ ಹೇಳಿದ್ದು 1999ರ ಡಿಸೆಂಬರಿನಲ್ಲಿ. 584 ವರ್ಷ!

ಹುಸ್‌ನನ್ನು ಕೆಲಕಾಲ ಸೆರೆಯಿಟ್ಟಿದ್ದು ದಡಕ್ಕೆ ಅಂಟಿಕೊಂಡಂತಿರುವ ಪುಟ್ಟ ದ್ವೀಪದ ಡೊಮಿನಿಕನ್ ಮಠದಲ್ಲಿ. ಈ ಮಠದ ಮುಂದಿನ ಕತೆಯಲ್ಲಿ ನಮ್ಮ ದೇಶದ ಒಂದು ಎಳೆಯಿದೆ. 1785ರಲ್ಲಿ ಮಠ ಮುಚ್ಚಿತು, ಜಿನೀವಾದಿಂದ ಬಂದ ಮಕೇರ್ ಮನೆತನದವರು ಅಲ್ಲಿ ನೀಲಿ ಬಣ್ಣ ಹಾಕುವ, ಅಚ್ಚಿನ ಹತ್ತಿಬಟ್ಟೆ ತಯಾರಿಸುವ ಕಾರ್ಖಾನೆ ತೆರೆದರು. ಇಂಥ ಬಟ್ಟೆಗೆ ಯೂರೋಪಿನಲ್ಲಿ 'ಆಂಡಿಯೆನ್' ಎಂದೇ ಹೆಸರು, ಅಂದರೆ ಇಂಡಿಯಾದ್ದು. ನಮ್ಮ ಚೀಟಿ ಬಟ್ಟೆಯ ನಕಲು! ಅದೇ ಮನೆತನದ ಮಗಳ ಹೊಟ್ಟೆಯಲ್ಲಿ 1838ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದವನು ಆಕಾಶನೌಕೆಯ ಫರ್ಡಿನಾಂಡ್ ಝೆಪ್ಪೆಲಿನ್. 1875ರಿಂದ ಕಟ್ಟಡ ಹೋಟೆಲ್ಲಾಗಿದೆ. ಕಾಫಿಯ ದರ ನೋಡಿ ಹೊರಗಿನಿಂದಲೇ ಕೈಮುಗಿದೆ.

ಮರುದಿನ ರೈಶೆನೌ ದ್ವೀಪ. 1838ರಲ್ಲಿ ಹಾಕಿದ ಏರಿಯ ಮೇಲೆ ಎರಡೂ ಬದಿ ಪಾಪ್ಲರ್ ಮರಗಳ ನಡುವೆ ಬಸ್ಸು ಹೋಗುತ್ತದೆ. ಹೆಚ್ಚೆಂದರೆ ನಾಲ್ಕೂವರೆ ಚದರ ಕಿಲೋಮೀಟರ್ ಇರುವ ಈ ನೆಲ ತುಂಬಾ ಸೊಪ್ಪು, ಸೌತೆ, ಟೊಮೆಟೊ, ಗಾಜಿನ ಮನೆಗಳು. ಆ ತರಕಾರಿ ತೋಟದ ನಡುವೆ ಸಾವಿರ ವರ್ಷ ಹಳೆಯ ಮೂರು ಚರ್ಚುಗಳು. 724ರಲ್ಲಿ ಪಿರ್ಮಿನ್ ಎಂಬ ಸನ್ಯಾಸಿ ಇಲ್ಲಿ ಮಠ ಕಟ್ಟಿದ. ಮುಂದಿನ ಮುನ್ನೂರು ವರ್ಷ ಯೂರೋಪಿನ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಇದೂ ಒಂದು. 2000ದಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಒಂಬತ್ತನೆಯ ಶತಮಾನದಲ್ಲಿ ಇಲ್ಲಿನ ಮಠಾಧಿಪತಿಯಾಗಿದ್ದ ವಾಲಾಫ್ರಿಡ್ ಸ್ಟ್ರಾಬೋ ತೋಟಗಾರಿಕೆಯ ಮೇಲೆ ಲ್ಯಾಟಿನ್ನಿನಲ್ಲಿ ಕಾವ್ಯ ಬರೆದ. ಸ್ಟ್ರಾಬೋ ಎಂದರೆ ಮೆಳ್ಳಗಣ್ಣ. ತುರುಚೆ ಕಿತ್ತು, ಗೊಬ್ಬರಕ್ಕೆ ಹೇಸದೆ, ಅಂಗೈ ಒಡೆಸಿಕೊಂಡು ಕಲಿತದ್ದಿದು ಎಂದು ಅದರಲ್ಲಿ ಹೇಳಿಕೊಳ್ಳುತ್ತಾನೆ. ಅವನು ಹೆಸರಿಸಿದ ಗಿಡಗಳನ್ನು ದೊಡ್ಡ ಚರ್ಚಿನ ಪಕ್ಕ ಮಡಿಮಡಿಯಾಗಿ ಮತ್ತೆ ಬೆಳೆಸಿದ್ದಾರೆ.

ಇನ್ನೊಬ್ಬ ಹೆರ್ಮಾನ್, 1013ರಲ್ಲಿ ಹುಟ್ಟಿದವನು. ಕೈಕಾಲು ಸ್ವಾಧೀನವಿಲ್ಲ, ಮಾತೂ ತೊದಲು, ಕುರ್ಚಿಯಲ್ಲಿ ಹೊತ್ತೊಯ್ಯಬೇಕು. ಅರಬ್ಬರ ಮೂಲಕ ಬಂದ ಆಸ್ಟ್ರೋಲೇಬ್ ಎಂಬ ನಕ್ಷತ್ರಯಂತ್ರದ ಬಗ್ಗೆ, ಸಂಗೀತ, ಗಣಿತದ ಬಗ್ಗೆ ಬರೆದ. ಕ್ರಿಸ್ತನಿಂದ ತನ್ನ ಕಾಲದವರೆಗಿನ ಇತಿಹಾಸವನ್ನೂ ವರ್ಷವಾರು ಬರೆದಿಟ್ಟು 1054ರಲ್ಲಿ ತೀರಿಕೊಂಡ. ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ ಇವನೇ.

ಸಂತ ಜಾರ್ಜ್ ಚರ್ಚಿನ ಗೋಡೆಗಳ ಮೇಲೆ ಹತ್ತನೆಯ ಶತಮಾನದ್ದೆನ್ನುವ ದೊಡ್ಡ ಚಿತ್ರಗಳಿವೆ, ಕ್ರಿಸ್ತನ ಎಂಟು ಪವಾಡಗಳು. ಆದರೆ ಜನ ಗುಂಪುಗೂಡಿ ನೋಡುವುದು ಬೇರೊಂದನ್ನು. ನಾಲ್ಕು ದೆವ್ವಗಳು ಒಂದು ಹಸುವಿನ ಚರ್ಮ ಹರವಿ ಹಿಡಿದಿವೆ, ಅದರ ಮೇಲೆ ಹೆಂಗಸರ ಹರಟೆಯ ಬಗ್ಗೆ ಬರಹ. ಚರ್ಚಿನಲ್ಲಿ ಹರಟೆ ಹೊಡೆಯುವವರಿಗೆ ಹದಿನಾಲ್ಕನೆಯ ಶತಮಾನದ ಎಚ್ಚರಿಕೆ. ಗಂಡಸರ ಕಟ್ಟೆಪುರಾಣ ಬರೆಯಲು ಹೊರಟಿದ್ದರೆ ಒಂದು ದನದ ಚರ್ಮ ಸಾಲುತ್ತಿರಲಿಲ್ಲ ಎಂದಳು ನನ್ನ ಹೆಂಡತಿ.

ಮೈನೌ ದ್ವೀಪ ಹೂವಿನ ತೋಟ. 1272ರಿಂದ 1806ರವರೆಗೆ ಟ್ಯುಟಾನಿಕ್ ಯೋಧರದ್ದು, ಆಮೇಲೆ ರಾಜಮನೆತನದ್ದು. ಸಾಮಾನ್ಯ ಹೆಣ್ಣನ್ನು ಮದುವೆಯಾಗಿ ಸ್ವೀಡನ್ನಿನ ಸಿಂಹಾಸನದ ಹಕ್ಕು ಕಳೆದುಕೊಂಡ ಲೆನ್ನಾರ್ಟ್ ಬೆರ್ನಡೊಟ್ 1932ರಲ್ಲಿ ಇಲ್ಲಿಗೆ ಬಂದು ಬೆಳೆಸಿದ್ದು. ಚೆನ್ನಾಗಿದೆ. ಲಾಲ್‌ಬಾಗ್ ನೋಡಿ ಬೆಳೆದವರು ಟಿಕೆಟ್ ದರ ನೋಡಿ ನಿರ್ಧರಿಸಬಹುದು.

ಹೊರಡುವ ಮುನ್ನ ಗಡಿಯ ಹತ್ತಿರ ನಡೆದೆವು. ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಬಾಂಬು ಬೀಳಲಿಲ್ಲ. ರಾತ್ರಿ ದೀಪ ಆರಿಸದೆ ಬಿಟ್ಟದ್ದರಿಂದ ಮೇಲಿನವರಿಗೆ ಇದೂ ಸ್ವಿಟ್ಜರ್ಲೆಂಡಿನಂತೆ ಕಂಡಿತು ಎನ್ನುತ್ತಾರೆ. 1939ರ ನವೆಂಬರ್ 8ರ ರಾತ್ರಿ ಗೇಯೋರ್ಗ್ ಎಲ್ಸರ್ ಎಂಬ ಬಡಗಿ ಇಲ್ಲಿಂದ ಗಡಿ ದಾಟಲು ಹೊರಟಿದ್ದ. ಹಿಂದೆ ಇದೇ ಊರಲ್ಲಿ ಗಡಿಯಾರದ ಕಾರ್ಖಾನೆಯಲ್ಲಿ ದುಡಿದಿದ್ದವನು. ಮ್ಯೂನಿಕ್‌ನ ಬಿಯರ್ ಹಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಅಡಗಿ ಕೂತು, ಒಂದು ಕಂಬ ಕೊರೆದು, ಹಿಟ್ಲರನಿಗಾಗಿ ಬಾಂಬ್ ಇಟ್ಟು ಬಂದಿದ್ದ. 8:45ಕ್ಕೆ ಇಬ್ಬರು ಸುಂಕದವರು ಅವನನ್ನು ಹಿಡಿದರು. 9:20ಕ್ಕೆ ಬಾಂಬ್ ಸಿಡಿದು ಎಂಟು ಜನ ಸತ್ತರು. ಹಿಟ್ಲರ್ 13 ನಿಮಿಷ ಮೊದಲೇ ಎದ್ದು ಹೋಗಿದ್ದ. ಎಲ್ಸರ್‌ನನ್ನು 1945ರ ಏಪ್ರಿಲ್ 9ರಂದು ದಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು, ಯುದ್ಧ ಮುಗಿಯಲು ಒಂದೇ ತಿಂಗಳಿತ್ತು.

ಸರೋವರದ ದಡದಲ್ಲಿ ಎರಡು ದೇಶಗಳ ನಡುವಿದ್ದ ತಂತಿಬೇಲಿಯನ್ನು 2006ರಲ್ಲಿ ಕಿತ್ತರು. ಆ ಜಾಗದಲ್ಲೀಗ 22 ಕೆಂಪು ಲೋಹದ ಶಿಲ್ಪಗಳಿವೆ. ನಾವು ಹೋದಾಗ ಒಂದರ ಬುಡದಲ್ಲಿ ಇಬ್ಬರು ಹುಡುಗರು ಚೆಂಡಾಡುತ್ತಿದ್ದರು. ಹೋಗುವವರಿಗೆ ಒಂದು ಮಾತು: ಬೇಸಿಗೆಯ ತಿಂಗಳುಗಳಲ್ಲಿ ಸಂತ ಜಾರ್ಜ್ ಚರ್ಚಿನ ಒಳಗೆ ಗೈಡ್ ಜೊತೆಗಷ್ಟೇ ಬಿಡುತ್ತಾರೆ, ಗೋಡೆಯ ಬಣ್ಣಕ್ಕೆ ಜನರ ಉಸಿರಿನ ತೇವ ಆಗುವುದಿಲ್ಲವಂತೆ. ಹೊತ್ತು ವಿಚಾರಿಸಿಕೊಂಡೇ ಬಸ್ಸು ಹತ್ತಿ.